ಸಿನಿಮಾಕ್ಕೆ ಸೀರೆ ಕೊಟ್ಟ ದೊಡ್ಡವ್ವನ ಹೆಸರು ಎಲ್ಲಿ?

ಎರಡು ವರ್ಷದ ಹಿಂದೆ, ಹಿಂಗಾರಿ ಸುಗ್ಗಿ ಮುಗಿದ ಮೇಲೆ, ನಮ್ಮೂರಿಗೆ ಸಿನಿಮಾದವರು ಬಂದರು. ದೊಡ್ಡ ಸಿನಿಮಾ ಅಲ್ಲ. ಎರಡು ಟೆಂಪೊ, ಒಂದು ಕ್ಯಾಮೆರಾ, ಇಪ್ಪತ್ತೈದು ಜನ. ಫೈಟಿಲ್ಲ, ಹಾಡಿಲ್ಲ. ಒಂದಿಬ್ಬರು ನಾಟಕದ ಕಲಾವಿದರನ್ನು ಬಿಟ್ಟರೆ ಉಳಿದ ಪಾತ್ರವೆಲ್ಲ ಊರಿನವರೇ ಮಾಡಬೇಕು. ಶೂಟಿಂಗ್ ಕೂಡ ಊರಿನ ಮನೆಗಳಲ್ಲೇ.

ಪತ್ರಿಕೋದ್ಯಮ ಓದು ಮುಗಿಸಿ ಕೆಲಸ ಹುಡುಕುತ್ತಾ ಮನೆಯಲ್ಲಿದ್ದ ನನ್ನನ್ನು 18 ದಿನಕ್ಕೆ ಬಟ್ಟೆ ವಿಭಾಗದ ಸಹಾಯಕಿ ಅಂತ ಸೇರಿಸಿಕೊಂಡರು. "ನೀವು ಊರಿನವರು, ಎಲ್ಲರ ಮನೆ ಗೊತ್ತಿರುತ್ತೆ. ಹಳೇ ಬಟ್ಟೆ ಹೊಂದಿಸಿಕೊಡಿ" ಅಂದರು. ನಾನು ಚೀಲ ಹಿಡಿದು ಹೊರಟೆ. ಮೊದಲು ಹೋದದ್ದು ನಮ್ಮ ದೊಡ್ಡವ್ವನ ಮನೆಗೆ.

ದೊಡ್ಡವ್ವ ಟ್ರಂಕಿನ ತಳದಿಂದ ಒಂದು ಇಳಕಲ್ ಸೀರೆ ತೆಗೆದಳು. ಚಿಕ್ಕಿ ಪರಾಸ ದಡಿ, ಕೆಂಪು ತೋಪು ತೆನಿ ಸೆರಗು. ಮಡಿಕೆಯ ಗೆರೆಯಲ್ಲಿ ಸ್ವಲ್ಪ ಸವೆದಿತ್ತು, ಅಷ್ಟೇ. "ಇದು ನನ್ನ ಮೊದಲನೇ ಬಾಣಂತನಕ್ಕ ನಮ್ಮವ್ವ ಕೊಟ್ಟಿದ್ದು. ಜ್ವಾಕಿಲೆ ತಂದು ಕೊಡಬೇಕ ನೋಡವಾ" ಅಂದಳು. ನಾನು ಹೂಂ ಅಂದೆ.

ಆ ಸೀರೆ ಹೇಗೆ ವಾಪಸ್ ಬಂತು ಅನ್ನುವುದನ್ನು ಕೊನೆಗೆ ಹೇಳುತ್ತೇನೆ. ಆ ಸಿನಿಮಾದ ಹೆಸರು ಹೇಳುವುದಿಲ್ಲ. ಆ ಜನ ಕೆಟ್ಟವರಲ್ಲ, ಊಟ ಹಾಕಿದರು, ನನ್ನ ಸಂಬಳವನ್ನೂ ಕೊಟ್ಟರು. ನನ್ನ ತಕರಾರು ಒಂದು ಸಿನಿಮಾದ ಮೇಲಲ್ಲ, ಒಂದು ರೂಢಿಯ ಮೇಲೆ. ಹಳ್ಳಿಯ ಬಗ್ಗೆ ತೆಗೆಯುವ ಸಣ್ಣ ಬಜೆಟ್ಟಿನ ಸಿನಿಮಾಗಳ ಬಟ್ಟೆಯ ಕೆಲಸ ನಮ್ಮ ಹೆಣ್ಣುಮಕ್ಕಳ ಟ್ರಂಕಿನ ಮೇಲೆ, ಅವರ ತಿಳುವಳಿಕೆಯ ಮೇಲೆ ನಡೆಯುತ್ತಿದೆ. ಅದಕ್ಕೆ ಬಾಡಿಗೆ ಕೊಡಬೇಕು, ಅವರ ಹೆಸರು ಹಾಕಬೇಕು. ಇದು ಉಪಕಾರದ ಮಾತಲ್ಲ, ಲೆಕ್ಕದ ಮಾತು.

ಸಿನಿಮಾದ ಬಟ್ಟೆ ಅಂದರೆ ಹೊಲಿಸುವುದಷ್ಟೇ ಅಲ್ಲ

ಸಿನಿಮಾದ ಬಟ್ಟೆ ಅಂದರೆ ಝಗಮಗ ಅಂತ ನಾನೂ ತಿಳಿದಿದ್ದೆ. ಸಣ್ಣ ಸಿನಿಮಾದಲ್ಲಿ ಆಗುವುದು ಅದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಬಟ್ಟೆ ಕಣ್ಣಿಗೆ ಬಿದ್ದರೇ ಕೆಲಸ ಕೆಟ್ಟಂತೆ. ನೋಡುವವರಿಗೆ "ಇದು ಸಿನಿಮಾಕ್ಕೆ ಅಂತ ಉಡಿಸಿದ್ದಾರೆ" ಅನ್ನಿಸಬಾರದು.

ಮೊದಲ ದಿನ ಉಡುಪಿನ ಜವಾಬ್ದಾರಿ ಹೊತ್ತಿದ್ದ ಅಕ್ಕ ನನ್ನ ಕೈಗೆ ಒಂದು ನೋಟ್‌ಬುಕ್ ಕೊಟ್ಟರು. ಕಥೆ ಪೂರ್ತಿ ಓದಿ, ಕಥೆಯೊಳಗೆ ಎಷ್ಟು ದಿನ ಕಳೆಯುತ್ತವೆ ಅಂತ ಎಣಿಸಬೇಕು. ಆಮೇಲೆ ಪ್ರತಿ ಪಾತ್ರಕ್ಕೆ ಒಂದು ಹಾಳೆ. ಆ ಮನುಷ್ಯನ ಹತ್ತಿರ ಎಷ್ಟು ಬಟ್ಟೆ ಇರಬಹುದು? ಯಾವ ದಿನ ಯಾವುದು ಹಾಕುತ್ತಾನೆ? ಅದು ಅವನಿಗೆ ಎಲ್ಲಿಂದ ಬಂತು?

ಈ ಕೊನೆಯ ಪ್ರಶ್ನೆ ನನಗೆ ಬಹಳ ಹಿಡಿಸಿತು. ನಮ್ಮ ಕಡೆ ಬಡವರ ಮನೆಯ ಹೆಣ್ಣುಮಗಳು ಅಂಗಡಿಗೆ ಹೋಗಿ ತನಗೆ ತಾನೇ ಸೀರೆ ತಂದುಕೊಳ್ಳುವುದು ಕಡಿಮೆ. ಒಂದು ಮದುವೆಯ ಆಯಿರದಲ್ಲಿ ಬಂದದ್ದು. ಒಂದು ಬಾಣಂತನಕ್ಕೆ ತವರಿನಿಂದ ಬಂದದ್ದು. ಒಂದು ಪಂಚಮಿಗೆ ಅಣ್ಣ ತಂದದ್ದು. ಒಂದು ಚುನಾವಣೆಯ ಹೊತ್ತಿಗೆ ಬಂದದ್ದು. ಇದು ಗೊತ್ತಿದ್ದರೆ ಆಕೆಯ ಟ್ರಂಕಿನಲ್ಲಿ ಎಲ್ಲವೂ ಒಂದೇ ಬಣ್ಣದ, ಒಂದೇ ರುಚಿಯ ಸೀರೆ ಇರುವುದಿಲ್ಲ ಅಂತ ತಿಳಿಯುತ್ತದೆ. ಕೊಟ್ಟವರ ರುಚಿ ಬೇರೆ ಬೇರೆ ಅಲ್ಲವೇ?

ಟಿವಿಯಲ್ಲಿ ನೋಡಿ. ಕೂಲಿ ಮಾಡುವ ಹೆಂಗಸು ದಿನಕ್ಕೊಂದು ಹೊಸ ಸೀರೆ ಉಟ್ಟು, ಅದಕ್ಕೆ ಸರಿಹೊಂದುವ ಬ್ಲೌಸ್ ತೊಟ್ಟು ಅಳುತ್ತಾಳೆ. ನಮ್ಮೂರಲ್ಲಿ ಕೂಲಿಗೆ ಹೋಗುವವರಿಗೆ ಹೊಲಕ್ಕೆ ಎರಡು, ಮನೆಗೆ ಎರಡು, ಜಾತ್ರೆಗೆ ಒಂದು ಸೀರೆ ಇದ್ದರೆ ಹೆಚ್ಚು. ಬ್ಲೌಸ್ ಯಾವುದೋ, ಸೀರೆ ಯಾವುದೋ. ಪಾತ್ರ ಅದೇ ಸೀರೆಯನ್ನು ಮತ್ತೆ ಮತ್ತೆ ಉಟ್ಟರೆ ಮಾತ್ರ ನೋಡುವವರು ಆ ಬಡತನವನ್ನು ನಂಬುತ್ತಾರೆ. ಅದೇ ಸೀರೆಯನ್ನು ಇನ್ನೊಬ್ಬರು ಉಟ್ಟಾಗ ಏನೋ ಆಯಿತು ಅಂತ ಮಾತಿಲ್ಲದೆ ತಿಳಿಯುತ್ತದೆ.

ಎರಡನೆಯದು ಜೋಡಣೆಯ ಕೆಲಸ. ಶೂಟಿಂಗ್ ಕಥೆಯ ಕ್ರಮದಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ ಮೊದಲ ದಿನ ತೆಗೆದದ್ದು ಸಾವಿನ ದೃಶ್ಯ, ನಾಲ್ಕನೆಯ ದಿನ ನಿಶ್ಚಿತಾರ್ಥ. ಒಬ್ಬ ಅಂಗಳದಿಂದ ಬಾಗಿಲು ದಾಟಿ ಒಳಗೆ ಬರುತ್ತಾನೆ ಅನ್ನಿ. ಅಂಗಳದ ಭಾಗ ಸೋಮವಾರ, ಒಳಗಿನ ಭಾಗ ಶುಕ್ರವಾರ ತೆಗೆದಿರುತ್ತಾರೆ. ಸೋಮವಾರ ಎರಡನೆಯ ಗುಂಡಿ ಬಿಚ್ಚಿದ್ದರೆ ಶುಕ್ರವಾರವೂ ಬಿಚ್ಚಿರಬೇಕು. ತೋಳು ಎಷ್ಟು ಮಡಿಕೆ ಮಡಚಿತ್ತು, ಟವೆಲ್ ಯಾವ ಹೆಗಲ ಮೇಲಿತ್ತು, ಪಂಚೆಯ ಕೆಸರು ಯಾವ ಕಾಲಿನ ಕಡೆ ಇತ್ತು, ಎಲ್ಲದರ ಫೋಟೊ ತೆಗೆದು ಇಟ್ಟುಕೊಳ್ಳಬೇಕು. ನನ್ನ ಫೋನು ತುಂಬಿ ಹೋಗಿ ತಮ್ಮನ ಫೋನು ತಂದಿದ್ದೆ.

ಕ್ಯಾಮೆರಾಕ್ಕೂ ಅದರದೇ ಕಿರಿಕಿರಿ ಇದೆ. ಅಚ್ಚ ಬಿಳಿ ಬಟ್ಟೆ ಬಿಸಿಲಿನಲ್ಲಿ ಕಣ್ಣು ಕುಕ್ಕುತ್ತದೆ, ಮುಖ ಕಪ್ಪಾಗಿ ಕಾಣುತ್ತದೆ. ಬಹಳ ಸಣ್ಣ ಗೆರೆಯ ಅಂಗಿ ತೆರೆಯ ಮೇಲೆ ಅಲೆ ಅಲೆಯಾಗಿ ನಡುಗುತ್ತದೆ. ಹಸಿರು ಜೋಳದ ಹೊಲದಲ್ಲಿ ಹಸಿರು ಸೀರೆ ಉಟ್ಟವರು ಹೊಲದಲ್ಲೇ ಕರಗಿ ಹೋಗುತ್ತಾರೆ. ಸರಬರ ಅನ್ನುವ ಬಟ್ಟೆಯೊಳಗೆ ಮೈಕು ಸಿಕ್ಕಿಸಿದರೆ ಮಾತಿಗಿಂತ ಬಟ್ಟೆಯ ಸದ್ದೇ ಜಾಸ್ತಿ. ಅದಕ್ಕೇ ಹತ್ತಿ ಬಟ್ಟೆ ಹುಡುಕುತ್ತಾರೆ. ಊರಲ್ಲಿ ಹುಡುಗರು ಹಾಕಿಕೊಳ್ಳುವುದೆಲ್ಲ ಬೀಜದ ಕಂಪನಿ, ಸಿಮೆಂಟ್ ಕಂಪನಿ ಪುಕ್ಕಟೆ ಕೊಟ್ಟ ಟೀ ಶರ್ಟು. ಅದರ ಮೇಲಿನ ಹೆಸರು ಏನು ಮಾಡುವುದು ಅನ್ನುವುದೇ ದಿನಾ ಒಂದು ಚರ್ಚೆ.

ಗಂಡನ ಅಂಗಿ ಯಾಕೆ ಹಾಕಬೇಕು ಅಂತ ಯಾರಿಗೆ ಗೊತ್ತು?

ಮೆಣಸಿನಕಾಯಿ ಬಿಡಿಸುವ ದೃಶ್ಯ ಇತ್ತು. ಬೆಂಗಳೂರಿನಿಂದ ಬಂದ ಅಕ್ಕ ನಾಲ್ಕು ಒಳ್ಳೆಯ ಬಣ್ಣದ ಹಳೆಯ ಸೀರೆ ಆರಿಸಿದ್ದರು. ಹೊಲಕ್ಕೆ ಬಂದ ನಮ್ಮ ಓಣಿಯ ಹೆಣ್ಣುಮಕ್ಕಳು ಅವನ್ನು ನೋಡಿ ನಕ್ಕರು. "ಬರೇ ಸೀರಿ ಉಟಗೊಂಡ ಯಾರ ಕಾಯಿ ಬಿಡಸ್ತಾರ್ರೀ? ಕೈ ಉರಿತಾವು, ಸೆರಗ ಗಿಡಕ್ಕ ಸಿಗತೈತಿ" ಅಂದರು. ಸೀರೆಯ ಮೇಲೆ ಗಂಡನದೋ ಮಗನದೋ ಉದ್ದ ತೋಳಿನ ಹಳೆ ಅಂಗಿ ಹಾಕಿ, ಸೆರಗನ್ನು ಅಂಗಿಯ ಒಳಗೆ ಸೇರಿಸಿ, ತಲೆಗೆ ಟವೆಲ್ ಕಟ್ಟಿ ತೋರಿಸಿದರು. ಅದನ್ನೇ ತೆಗೆದರು. ಸಿನಿಮಾದಲ್ಲಿ ಬಹಳ ಚೆನ್ನಾಗಿ ಬಂದ ದೃಶ್ಯ ಅದೇ.

ಈ ತಿಳುವಳಿಕೆ ಯಾವ ಪುಸ್ತಕದಲ್ಲೂ ಇಲ್ಲ. ಕಚ್ಚೆ ಹಾಕಿ ಸೀರೆ ಉಡುವುದು ಈಗ ನಮ್ಮೂರಲ್ಲಿ ಐದಾರು ಮುದುಕಿಯರಿಗಷ್ಟೇ ಬರುತ್ತದೆ. ಗುಳೇದಗುಡ್ಡದ ಖಣದ ಕುಪ್ಪಸಕ್ಕೆ ಮುಂದೆ ಗಂಟು ಹೇಗೆ ಬೀಳಬೇಕು, ಪಟಗಾ ಸುತ್ತುವಾಗ ತುದಿ ಯಾವ ಕಡೆ ಬಿಡಬೇಕು, ಕಂಬಳಿಯನ್ನು ಮಳೆಯಲ್ಲಿ ಹೇಗೆ ಹೊದೆಯುತ್ತಾರೆ, ಬಿಸಿಲಲ್ಲಿ ಹೇಗೆ ಹೆಗಲಿಗೆ ಹಾಕುತ್ತಾರೆ ಅನ್ನುವುದನ್ನು ಊರಿನವರನ್ನು ಕೇಳಿಯೇ ಕಲಿಯಬೇಕು. ಶಹರದಲ್ಲಿ ಫ್ಯಾಷನ್ ಓದಿದವರು ಕೇಳಿ ಕಲಿಯುತ್ತಾರೆ, ಸಂತೋಷ. ಕಲಿಸಿದವರಿಗೆ ಏನು ಸಿಗುತ್ತದೆ? ಒಂದು ಕಪ್ ಚಹಾ.

ಬಡವರ ಬಟ್ಟೆಗೂ ರಾಷ್ಟ್ರ ಪ್ರಶಸ್ತಿ ಬಂದಿದೆ

"ಹಳೇ ಬಟ್ಟೆ ಹೊಂದಿಸುವುದು ಏನು ದೊಡ್ಡ ಕೆಲಸ?" ಅಂತ ನಮ್ಮೂರಿನವರೇ ಕೇಳುತ್ತಾರೆ. ಅವರಿಗೆ ಒಂದಿಷ್ಟು ಸಂಗತಿ ಹೇಳಬೇಕು.

ಒಬ್ಬ ಭಾರತೀಯರಿಗೆ ಬಂದ ಮೊದಲ ಆಸ್ಕರ್ ನಟನೆಗಲ್ಲ, ಸಂಗೀತಕ್ಕಲ್ಲ, ಬಟ್ಟೆಗೆ. 'ಗಾಂಧಿ' ಸಿನಿಮಾದ ಉಡುಪಿಗೆ 1983ರಲ್ಲಿ ಭಾನು ಅಥೈಯಾ ಅವರು ಜಾನ್ ಮೊಲ್ಲೊ ಅವರ ಜೊತೆ ಅದನ್ನು ಪಡೆದರು. ಆಕೆ ಹುಟ್ಟಿದ್ದು ನಮ್ಮ ಬೆಳಗಾವಿಗೆ ಹತ್ತಿರದ ಕೊಲ್ಹಾಪುರದಲ್ಲಿ. ಅದು ದೊಡ್ಡ ದುಡ್ಡಿನ ಸಿನಿಮಾ, ಸರಿ. ಆದರೆ ಅಲ್ಲೂ ಮುಖ್ಯವಾಗಿ ಕಾಣುವುದು ರೈತರ, ಕೂಲಿಯವರ, ಖಾದಿಯವರ ಬಟ್ಟೆಯೇ.

ಕನ್ನಡದ ಸಣ್ಣ ಸಿನಿಮಾಗಳಿಗೆ ಬನ್ನಿ. ಜಿ.ವಿ. ಅಯ್ಯರ್ ಅವರ 'ಹಂಸಗೀತೆ'ಗೆ ಬಟ್ಟೆಯ ಕೆಲಸ ಮಾಡುತ್ತಾ ಸಿನಿಮಾಕ್ಕೆ ಬಂದ ಪ್ರೇಮಾ ಕಾರಂತರು ಮುಂದೆ 'ಫಣಿಯಮ್ಮ' ಸಿನಿಮಾವನ್ನು ತಾವೇ ನಿರ್ದೇಶಿಸಿದರು. ಎಂ.ಕೆ. ಇಂದಿರಾ ಅವರ ಕಾದಂಬರಿ, ಬಾಲವಿಧವೆಯೊಬ್ಬಳ ಕಥೆ. ಬಳೆ, ಹೂವು, ಬಣ್ಣದ ಸೀರೆ ಒಂದೊಂದಾಗಿ ಹೋಗಿಬಿಡುವಂಥ ಬಾಳು ಅದು. ಇಂಥ ಕಥೆಯಲ್ಲಿ ಬಟ್ಟೆಯೇ ಅರ್ಧ ಕಥೆ ಹೇಳುತ್ತದೆ. ಬಟ್ಟೆಯ ಕೆಲಸ ಮಾಡಿದವರಿಗೆ ಅದು ಚೆನ್ನಾಗಿ ಗೊತ್ತಿರುತ್ತದೆ.

ಗಿರೀಶ ಕಾಸರವಳ್ಳಿ ಅವರ 'ತಾಯಿ ಸಾಹೇಬ'ಕ್ಕೆ 1997ರ ಸಾಲಿನಲ್ಲಿ ಸ್ವರ್ಣ ಕಮಲ ಬಂತು. ಅದೇ ಸಿನಿಮಾದ ಉಡುಪಿಗೆ ರಾಷ್ಟ್ರ ಪ್ರಶಸ್ತಿ ಪಡೆದವರು ವೈಶಾಲಿ ಕಾಸರವಳ್ಳಿ. ನಮ್ಮ ಭಾಗದವರಿಗೆ ಅವರ ನೆನಪು ಇನ್ನೊಂದು ಕಾರಣಕ್ಕೆ ಇರಬೇಕು. ಮನೆಮಂದಿಯೆಲ್ಲ ಕೂತು ನೋಡುತ್ತಿದ್ದ 'ಮೂಡಲ ಮನೆ' ಧಾರಾವಾಹಿ ನಿರ್ದೇಶಿಸಿದವರೂ ಅವರೇ. 2010ರಲ್ಲಿ ತೀರಿಕೊಂಡರು.

ಮುಂದೆ 2004ರ ಸಾಲಿನಲ್ಲಿ 'ಹಸೀನಾ' ಸಿನಿಮಾದ ಉಡುಪಿಗೆ ಇಶ್ರತ್ ನಿಸಾರ್ ಅವರಿಗೆ ಅದೇ ಪ್ರಶಸ್ತಿ ಬಂತು. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯ ಮೇಲೆ ಮಾಡಿದ ಸಿನಿಮಾ ಅದು. ಗಂಡ ಬಿಟ್ಟುಹೋದ, ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಬದುಕುವ ಬಡ ಮುಸ್ಲಿಂ ಹೆಣ್ಣುಮಗಳ ಕಥೆ. ಅರಮನೆ ಇಲ್ಲ, ಜರತಾರಿ ಇಲ್ಲ. ದೇಶದಲ್ಲಿ ಆ ವರ್ಷ ಬಂದ ಅಷ್ಟೂ ಸಿನಿಮಾಗಳ ನಡುವೆ ಈ ಬಡವಿಯ ಬಟ್ಟೆಗೆ ಪ್ರಶಸ್ತಿ ಕೊಟ್ಟರು ಅಂದರೆ ಆ ಕೆಲಸದ ತೂಕ ಎಷ್ಟು ನೋಡಿ.

ಇತ್ತೀಚಿನ ವರ್ಷಗಳಲ್ಲಿ ಹಳ್ಳಿಯವರನ್ನೇ ಹಾಕಿಕೊಂಡು ತೆಗೆದ ಸಿನಿಮಾಗಳು ದೂರದ ದೇಶಗಳವರೆಗೆ ಹೋಗಿವೆ. ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿ ತೆಗೆದ 'ತಿಥಿ' 2015ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಕಾರ್ನೊದಲ್ಲಿ ಬಹುಮಾನ ಗೆದ್ದಿತು. ನಟೇಶ್ ಹೆಗಡೆ ತಮ್ಮ ತಂದೆಯನ್ನೇ ಮುಖ್ಯ ಪಾತ್ರಕ್ಕೆ ಹಾಕಿ 'ಪೆದ್ರೊ' ಮಾಡಿದರು. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಕಥೆ 'ಶಿವಮ್ಮ' 2022ರಲ್ಲಿ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ಬಹುಮಾನ ತಂದಿತು. ಇವನ್ನು ನೋಡುವಾಗ ನಾನು ಬಟ್ಟೆಯ ಕಡೆ ಬೇಕಂತಲೇ ಕಣ್ಣಿಟ್ಟಿದ್ದೆ. ಹತ್ತು ನಿಮಿಷದಲ್ಲಿ ಮರೆತೇ ಹೋಯಿತು. ನೋಡುವವರು ಹಾಗೆ ಮರೆಯಬೇಕಾದರೆ ಯಾರೋ ಕೂತು ನೂರು ಸಣ್ಣ ಸಂಗತಿ ಯೋಚಿಸಿರುತ್ತಾರೆ.

ಹಳೆಯದು ಬೇರೆ, ಹೊಲಸು ಬೇರೆ

ಇನ್ನು ಜಗಳದ ವಿಷಯಕ್ಕೆ ಬರುತ್ತೇನೆ.

ನಳದ ಹತ್ತಿರ ನೀರು ಹಿಡಿಯುವ ದೃಶ್ಯಕ್ಕೆ ನಮ್ಮ ಪಕ್ಕದ ಮನೆಯ ಚಿಗವ್ವನನ್ನು ಕರೆದಿದ್ದರು. ಆಕೆ ತಲೆ ಬಾಚಿ, ಹೂ ಮುಡಿದು, ಮಗನ ಮದುವೆಯ ಸೀರೆ ಉಟ್ಟು ಬಂದಳು. ನಿರ್ದೇಶಕರು "ಇದು ಬೇಡಮ್ಮ, ಹರಿದದ್ದು ಏನಾದರೂ ಇದ್ದರೆ ಉಟ್ಟುಕೊಂಡು ಬನ್ನಿ" ಅಂದರು. ಚಿಗವ್ವ ಮನೆಗೆ ಹೋದವಳು ಮತ್ತೆ ಬರಲಿಲ್ಲ. ಕರೆಯಲು ಹೋದ ನನಗೆ ಅಂದಳು: "ಮಂದಿ ನೋಡೂ ಹೊತ್ತಿಗೆ ಹರಕ ಸೀರಿ ಉಟಗೊಂಡ ನಿಂದರು ಅಂದ್ರ ನಿಂದರಂಗಿಲ್ಲ ನಾ. ನಮ್ಮ ಮನ್ಯಾಗ ಹರದಿದ್ದು ಐತಿ ಅಂತ ಊರಿಗೆಲ್ಲ ತೋರಸ್ಲೇನು?"

ನಿರ್ದೇಶಕರ ಮಾತಿನಲ್ಲೂ ಅರ್ಥ ಇತ್ತು. ನೀರು ಹಿಡಿಯಲು ಯಾರೂ ಮದುವೆ ಸೀರೆ ಉಟ್ಟು ಹೋಗುವುದಿಲ್ಲ. ಆದರೆ ಚಿಗವ್ವ ದಿನಾ ನೀರಿಗೆ ಹರಿದ ಸೀರೆ ಉಟ್ಟೂ ಹೋಗುವುದಿಲ್ಲ. ಒಗೆದು ಒಗೆದು ಬಣ್ಣ ತಿಳಿಯಾದ, ಆದರೆ ಹೊಲಿಗೆ ಬಿಚ್ಚದ, ಸ್ವಚ್ಛವಾದ ಸೀರೆ ಉಡುತ್ತಾಳೆ. ಹರಿದರೆ ಹೊಲಿದು ಉಡುತ್ತಾಳೆ. ಹೊಲಿಯುವಾಗ ಆ ಭಾಗ ನಿರಿಗೆಯ ಒಳಗೆ ಹೋಗುವಂತೆ ನೋಡಿಕೊಳ್ಳುತ್ತಾಳೆ.

ಶಹರದವರಿಗೆ ಹಳ್ಳಿಯ ಬಟ್ಟೆ ಅಂದರೆ ಎರಡೇ ಬಗೆ ಗೊತ್ತು. ಒಂದು ಪ್ರವಾಸೋದ್ಯಮದ ಜಾಹೀರಾತಿನ ಹೊಸ ಇಳಕಲ್, ಇನ್ನೊಂದು ಹರಕು. ನಡುವೆ ಇರುವ ದೊಡ್ಡ ಬದುಕು ಅವರ ಕಣ್ಣಿಗೆ ಬೀಳುವುದಿಲ್ಲ. ನೈಟಿಯ ಮೇಲೆ ಟವೆಲ್ ಹೊದ್ದು ಹಾಲಿನ ಡೇರಿಗೆ ಹೋಗುವ ಹೆಂಗಸು, ಮಗನ ಹಳೆಯ ಶಾಲೆಯ ಅಂಗಿ ಹಾಕಿ ಕುರಿ ಕಾಯುವ ಅಪ್ಪ, ಪಂಚೆಯ ಮೇಲೆ ಜೀನ್ಸಿನ ಜಾಕೀಟು ಹಾಕಿದ ಮುದುಕ, ಇವರನ್ನೆಲ್ಲ ನಾನು ದಿನಾ ನೋಡುತ್ತೇನೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಕೂಲಿಯವಳ ಪಾತ್ರಕ್ಕೆ ಯಾವ ಬಟ್ಟೆ ಅಂತ ತೀರ್ಮಾನಿಸುವುದು ನಿರ್ದೇಶಕರ ಹಕ್ಕು. ಆದರೆ ಊರಿನವರು ತಾವಾಗಿಯೇ, ತಮ್ಮ ಮನೆಯ ಮುಂದೆಯೇ ನಿಂತಾಗ ಯಾವ ಬಟ್ಟೆಯಲ್ಲಿ ಕಾಣಬೇಕು ಅನ್ನುವುದರಲ್ಲಿ ಅವರ ಮಾತೂ ನಡೆಯಬೇಕು. ಮರುದಿನ ಆ ಅಕ್ಕ ತಾವೇ ಚಿಗವ್ವನ ಮನೆಗೆ ಹೋಗಿ, ಕಟ್ಟೆಯ ಮೇಲೆ ಕೂತು, "ಗಿರಣಿಗೆ ಹೋಗುವಾಗ ಯಾವುದು ಉಡ್ತೀರಿ?" ಅಂತ ಕೇಳಿದರು. ಚಿಗವ್ವ ತಿಳಿನೀಲಿಯ ಒಂದು ವಾಯಲ್ ಸೀರೆ ತೆಗೆದಳು. ಅದೇ ಸರಿಹೋಯಿತು. ಕೇಳುವ ರೀತಿ ಬದಲಾಯಿತು, ಜಗಳ ಮುಗಿಯಿತು.

ಜನರೇಟರಿಗೆ ಬಾಡಿಗೆ ಇದೆ, ಸೀರೆಗೆ ಯಾಕಿಲ್ಲ?

ಆ 18 ದಿನದಲ್ಲಿ ನಾನು 23 ಮನೆಗಳಿಂದ ಸುಮಾರು 60 ಬಟ್ಟೆ ತಂದಿದ್ದೆ. ಒಂದಕ್ಕೂ ಬಾಡಿಗೆ ಕೊಡಲಿಲ್ಲ. ಕೇಳಿದರೆ "ಸಣ್ಣ ಸಿನಿಮಾ, ದುಡ್ಡಿಲ್ಲ. ನಿಮ್ಮೂರಿನ ಸಿನಿಮಾ ಅಲ್ವಾ" ಅನ್ನುತ್ತಿದ್ದರು.

ದುಡ್ಡಿಲ್ಲ ಅನ್ನುವುದು ಸುಳ್ಳಲ್ಲ. ಎಷ್ಟೋ ನಿರ್ದೇಶಕರು ಸಾಲ ಮಾಡಿ, ಗೆಳೆಯರ ಹತ್ತಿರ ಕೂಡಿಸಿ ಸಿನಿಮಾ ಮಾಡುತ್ತಾರೆ. ಆದರೆ ಅದೇ ಸಿನಿಮಾದವರು ಜನರೇಟರಿಗೆ ದಿನದ ಬಾಡಿಗೆ ಕೊಟ್ಟರು. ಟೆಂಪೊಗೆ ಕೊಟ್ಟರು. ಕ್ಯಾಮೆರಾದ ಒಂದು ಲೆನ್ಸಿಗೂ ಕೊಟ್ಟರು. ಜನರೇಟರಿನ ಮಾಲೀಕನಿಗೆ "ನಿಮ್ಮೂರಿನ ಸಿನಿಮಾ ಅಲ್ವಾ" ಅಂತ ಯಾರೂ ಹೇಳಲಿಲ್ಲ. ಹೇಳಿದ್ದರೆ ಆತ ಜನರೇಟರ್ ಎತ್ತಿಕೊಂಡು ಹೋಗುತ್ತಿದ್ದ.

ಲೆಕ್ಕ ಹಾಕೋಣ. ಇಡೀ ಶೂಟಿಂಗಿಗೆ ಒಂದು ಬಟ್ಟೆಗೆ 200 ರೂಪಾಯಿ ಅಂತ ಹಿಡಿದರೂ 60 ಬಟ್ಟೆಗೆ 12,000 ರೂಪಾಯಿ. ಅದೇ ಬಟ್ಟೆ ಅಂಗಡಿಯಲ್ಲಿ ಹೊಸದು ಕೊಂಡು, ಹಳೆಯದು ಮಾಡಲು ವಾರಗಟ್ಟಲೆ ಒಗೆದು, ಉಜ್ಜಿ, ಬಿಸಿಲಿಗೆ ಒಣಗಿಸಿದರೆ ಇದರ ಎಷ್ಟೋ ಪಟ್ಟು ಖರ್ಚು. ನಮ್ಮ ಹೆಣ್ಣುಮಕ್ಕಳು ಇಪ್ಪತ್ತು ವರ್ಷ ಒಗೆದು ತಿಳಿ ಮಾಡಿದ ಬಣ್ಣವನ್ನು ಪುಕ್ಕಟೆ ತೆಗೆದುಕೊಳ್ಳುತ್ತಿದ್ದಾರೆ ಅಂತಲೇ ನಾನು ಹೇಳುವುದು.

"ಹಿಂಗ ರೊಕ್ಕ ಕೇಳಿದರ ಇನ್ನ ಯಾರೂ ನಮ್ಮೂರಿಗೆ ಬರಂಗಿಲ್ಲ" ಅಂತ ನಮ್ಮ ಹುಡುಗರೇ ಅಂದರು. "ಕೊಟ್ಟು ತಗೊಳ್ಳೂದು ನಮ್ಮ ಪದ್ಧತಿ, ಅದಕ್ಕ ಬೆಲೆ ಕಟ್ಟಬಾರದು" ಅಂತ ಹಿರಿಯರು ಅಂದರು. ಹಿರಿಯರ ಮಾತಿಗೆ ನನ್ನ ಉತ್ತರ ಇದು. ನಮ್ಮ ಗುಡಿಯ ಪಾತ್ರೆಗಳನ್ನು ಮದುವೆಗೆ ಕೊಡುತ್ತೇವಲ್ಲ, ಅದಕ್ಕೆ ಒಂದು ವಹಿ ಇದೆ. ಎಷ್ಟು ಹಂಡೆ, ಎಷ್ಟು ಪರಾತ, ಎಷ್ಟು ಸೌಟು ಅಂತ ಬರೆದು ಸಹಿ ಹಾಕಿಸಿಕೊಳ್ಳುತ್ತೇವೆ. ತಗ್ಗು ಬಿದ್ದರೆ ದಂಡ. ಬಾಡಿಗೆ ಕೂಡ ಇದೆ. ಅದರಿಂದ ಊರಿನ ಪ್ರೀತಿ ಕಡಿಮೆಯಾಗಿದೆಯೇ? ಹಂಡೆಗೆ ಇರುವ ಮರ್ಯಾದೆ ಬಾಣಂತನದ ಸೀರೆಗೂ ಇರಲಿ.

ಹುಡುಗರ ಮಾತಿಗೆ ಇನ್ನೊಂದು ಉತ್ತರ. ನಮ್ಮ ಹಳ್ಳಿಗಳಲ್ಲಿ ಎಷ್ಟು ಹೆಣ್ಣುಮಕ್ಕಳು ಹೊಲಿಗೆ ಕಲಿತಿದ್ದಾರೆ! ಫಾಲ್ ಹಚ್ಚುವುದು, ಬ್ಲೌಸ್ ಹೊಲಿಯುವುದು ಬಿಟ್ಟರೆ ಬೇರೆ ಕೆಲಸ ಸಿಗುವುದಿಲ್ಲ. ಸಿನಿಮಾದ ಬಟ್ಟೆಯ ಕೆಲಸಕ್ಕೆ ಬೇಕಾದ ಅರ್ಧ ವಿದ್ಯೆ ಅವರಿಗೆ ಈಗಾಗಲೇ ಬರುತ್ತದೆ. ಉಳಿದದ್ದು, ಅಂದರೆ ಕಥೆ ಓದಿ ದಿನ ಎಣಿಸುವುದು, ಫೋಟೊ ಇಡುವುದು, ಕ್ಯಾಮೆರಾಕ್ಕೆ ಯಾವ ಬಣ್ಣ ಆಗುತ್ತದೆ ಅಂತ ತಿಳಿಯುವುದು, ಒಂದು ಶೂಟಿಂಗಿನಲ್ಲಿ ನಿಂತರೆ ಬರುತ್ತದೆ. ನನಗೆ ಬಂತಲ್ಲ. ಊರಿನವರಿಗೆ ಕೂಲಿ ಮತ್ತು ಹೆಸರು ಎರಡೂ ಕೊಡುವ ಪದ್ಧತಿ ಬಂದರೆ ಇದು ಒಂದು ಕಸುಬೇ ಆಗಬಹುದು.

ಸರ್ಕಾರ ಕನ್ನಡ ಸಿನಿಮಾಗಳಿಗೆ ಸಹಾಯಧನ ಕೊಡುತ್ತದೆ. ಅರ್ಜಿಯ ಜೊತೆ ಇನ್ನೊಂದು ಹಾಳೆ ಕೇಳಲಿ: ಹಳ್ಳಿಯಲ್ಲಿ ಶೂಟಿಂಗ್ ಆಗಿದ್ದರೆ ಯಾರ ಮನೆ, ಯಾರ ಎತ್ತು, ಯಾರ ಬಟ್ಟೆ ಬಳಸಿದಿರಿ, ಅವರಿಗೆ ಏನು ಕೊಟ್ಟಿರಿ? ಆ ಒಂದು ಹಾಳೆಗೆ ಸರ್ಕಾರಕ್ಕೆ ಖರ್ಚೇನಿಲ್ಲ.

ಕೊಡುವ ಮುನ್ನ ಇಷ್ಟು ಮಾಡಿ

ಕಾನೂನು ಬರುವವರೆಗೆ ಕಾಯಬೇಕಿಲ್ಲ. ನಿಮ್ಮೂರಿಗೆ ಸಿನಿಮಾದವರು ಬಂದರೆ ನೀವೇ ಇಷ್ಟು ಮಾಡಬಹುದು.

ಬಟ್ಟೆ ಕೊಡುವ ಮೊದಲು ನಿಮ್ಮ ಫೋನಿನಲ್ಲಿ ಅದರ ಫೋಟೊ ತೆಗೆದುಕೊಳ್ಳಿ. ದಡಿ, ಸೆರಗು, ಎಲ್ಲಾದರೂ ಕಲೆ ಇದ್ದರೆ ಅದೂ ಕಾಣಬೇಕು. ತೆಗೆದುಕೊಂಡವರ ಫೋಟೊ ಕೂಡ ತೆಗೆಯಿರಿ, ತಪ್ಪೇನಿಲ್ಲ.

ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ ಸಹಿ ಹಾಕಿಸಿ. ಯಾವ ದಿನ ಕೊಟ್ಟಿರಿ, ಯಾವ ದಿನ ವಾಪಸ್, ಬಾಡಿಗೆ ಎಷ್ಟು. ಊರಿನ ಸ್ತ್ರೀಶಕ್ತಿ ಸಂಘದವರು ಈ ವಹಿ ಇಟ್ಟರೆ ಇನ್ನೂ ಒಳ್ಳೆಯದು.

ಬಣ್ಣ ಹಾಕುತ್ತೀರಾ, ಹರಿಯುತ್ತೀರಾ, ಕೆಸರು-ಮಳೆಯ ದೃಶ್ಯಕ್ಕೆ ಬಳಸುತ್ತೀರಾ ಅಂತ ಬಾಯಿಬಿಟ್ಟು ಕೇಳಿ. ಮಳೆ, ಕೆಸರು, ರಕ್ತದ ದೃಶ್ಯಕ್ಕೆ ಒಂದೇ ಥರದ ಎರಡು-ಮೂರು ಬಟ್ಟೆ ಬೇಕಾಗುತ್ತವೆ. ಮನೆಯಲ್ಲಿ ಇರುವ ಒಂದೇ ಒಂದು ಹಳೆ ಸೀರೆ ಅದಕ್ಕೆ ಕೊಡಬೇಡಿ. ಬೇಕೇ ಬೇಕು ಅಂದರೆ ಬಾಡಿಗೆಗೆ ಬೇಡ, ಬೆಲೆಗೆ ಕೊಡಿ.

ನೆನಪಿನ ಬಟ್ಟೆ ಕೊಡಲೇಬೇಡಿ. ಸತ್ತವರದ್ದು, ತವರಿನದ್ದು, ಬಾಣಂತನದ್ದು. ಅದಕ್ಕೆ ಯಾವ ಬಾಡಿಗೆಯೂ ಸಾಲುವುದಿಲ್ಲ.

ಕೊನೆಗೆ, ಸಿನಿಮಾದ ಹೆಸರುಗಳ ಪಟ್ಟಿಯಲ್ಲಿ ನಿಮ್ಮ ಹೆಸರು ಬರಬೇಕು ಅಂತ ಮೊದಲೇ ಹೇಳಿ. ಇದಕ್ಕೆ ಅವರಿಗೆ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ.

ಆ ಸೀರೆಯ ಮಾತು

ದೊಡ್ಡವ್ವನ ಸೀರೆಯನ್ನು ಮುಖ್ಯ ಪಾತ್ರದ ಹುಡುಗಿ ಉಡಬೇಕಿತ್ತು. ಸೆರಗಿನ ಬಿಳಿ ಗೋಪುರಗಳು ಬಿಸಿಲಿಗೆ ಹೊಳೆಯುತ್ತಿವೆ, ಸ್ವಲ್ಪ ಮಂಕು ಮಾಡಬೇಕು ಅಂದರು. ಬಟ್ಟೆ ಮಂಕು ಮಾಡಲು ಚಹಾದ ನೀರು ಕುದಿಸಿ ಅದ್ದುವುದು ರೂಢಿ. ಹತ್ತಿಯ ಬಿಳಿ ಅಂಗಿಗೆ ಅದು ಚೆನ್ನಾಗಿ ಕೂಡುತ್ತದೆ. ಅವಸರದಲ್ಲಿ ನೀರಿಗೆ ಸೋಡಾ ಕೂಡ ಬಿದ್ದಿತ್ತು. ಇಳಕಲ್ ಸೀರೆಯ ಮೈ ಬೇರೆ, ಸೆರಗು ಬೇರೆ. ನೇಯುವಾಗ ಮಗ್ಗದಲ್ಲೇ ಕೊಂಡಿ ಹಾಕಿ ಎರಡನ್ನೂ ಕೂಡಿಸಿರುತ್ತಾರೆ. ಬಿಸಿನೀರಿಗೆ ಬಿದ್ದ ಕೂಡಲೇ ಸೆರಗಿನ ಕೆಂಪು ಬಿಟ್ಟು ಮೈಗೆಲ್ಲ ಹರಡಿತು.

ಅದ್ದಿದ್ದು ನಾನೇ. ದೊಡ್ಡವ್ವನನ್ನು ಕೇಳಲಿಲ್ಲ. ಅದನ್ನು ಹೇಳದೆ ಈ ಲೇಖನ ಬರೆದರೆ ಸುಳ್ಳಾಗುತ್ತದೆ. ಯಾರೋ ಹೊರಗಿನವರು ಬಂದು ಹಾಳು ಮಾಡಿದರು ಅಂತ ಹೇಳುವುದು ಸುಲಭ. ಶೂಟಿಂಗಿನ ಗಡಿಬಿಡಿಯಲ್ಲಿ ನಿಂತಾಗ ಊರಿನ ಮಗಳಾದ ನನಗೂ ಅದು ಯಾರದೋ ಬಾಣಂತನದ ಸೀರೆ ಅನ್ನುವುದು ಮರೆತುಹೋಯಿತು, ಬರೀ "ಬಟ್ಟೆ" ಆಯಿತು. ಬರೆದಿಟ್ಟ ನಿಯಮ ಇದ್ದಿದ್ದರೆ ನನ್ನ ಕೈ ತಡೆಯುತ್ತಿತ್ತು.

ನನ್ನ ಸಂಬಳದಲ್ಲಿ ಹೊಸ ಇಳಕಲ್ ತಂದು ಕೊಟ್ಟೆ. ದೊಡ್ಡವ್ವ ಬೈಯಲಿಲ್ಲ. ಉಟ್ಟಳು, ಚಲೋ ಐತಿ ಅಂದಳು. ಹೋದ ವರ್ಷ ಸಿನಿಮಾ ಒಂದು ಚಿತ್ರೋತ್ಸವಕ್ಕೆ ಹೋಯಿತು, ನಮಗೆ ಫೋನಿನಲ್ಲಿ ನೋಡಲು ಸಿಕ್ಕಿತು. ದೊಡ್ಡವ್ವ ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದಳು. ತನ್ನ ಸೀರೆ ಬಂದಾಗ "ಈ ಹುಡುಗಿಗೆ ಸೆರಗ ಹೊಚಗೊಳ್ಳಾಕ ಬಂದಿಲ್ಲ" ಅಂದಳು. ಕೊನೆಗೆ ಹೆಸರುಗಳು ಓಡಿದವು. ಲೆನ್ಸ್ ಬಾಡಿಗೆ ಕೊಟ್ಟ ಅಂಗಡಿಯ ಹೆಸರು ಇತ್ತು. ನನ್ನ ಹೆಸರೂ ಇತ್ತು. ಆಮೇಲೆ "ಗ್ರಾಮದ ಸಮಸ್ತರಿಗೆ ಧನ್ಯವಾದ" ಅಂತ ಒಂದು ಸಾಲು.

"ಸಮಸ್ತರು ಅಂದ್ರ ಯಾರವಾ?" ಅಂತ ಕೇಳಿದಳು.

ಆ ಬಣ್ಣ ಬಿಟ್ಟ ಸೀರೆಯನ್ನು ಆಕೆ ಈಗ ಕೌದಿಗೆ ಹಾಕಿದ್ದಾಳೆ. ಮೊಮ್ಮಗನಿಗೆ ಹೊಲಿಯುತ್ತಿದ್ದಾಳೆ.

ನಿಮ್ಮೂರಿಗೂ ಸಿನಿಮಾದವರು ಬಂದಿದ್ದರೆ, ನಿಮ್ಮ ಮನೆಯ ಬಟ್ಟೆ ಯಾವುದಾದರೂ ತೆರೆಯ ಮೇಲೆ ಬಂದಿದ್ದರೆ, ಅದು ಹೇಗೆ ಹೋಯಿತು, ಹೇಗೆ ವಾಪಸ್ ಬಂತು ಅಂತ ನಮಗೆ ಬರೆದು ಕಳಿಸಿ. ಟೈಪ್ ಮಾಡಲು ಆಗದಿದ್ದರೆ ಮಾತಾಡಿ ಕಳಿಸಿ, ನಾವು ಬರೆದುಕೊಳ್ಳುತ್ತೇವೆ. ಈ ಸಲ ಸಮಸ್ತರು ಅಂತ ಬರೆಯುವುದಿಲ್ಲ. ನೀವು ಒಪ್ಪಿದರೆ ಹೆಸರು ಹಾಕಿಯೇ ಬರೆಯುತ್ತೇವೆ.